ದೂರದ ಲೆಕ್ಕ, ಹತ್ತಿರದ ಹೊಣೆ

ಡಚ್ ಭಾಷೆಯ ‘ಮಾಕ್ಸ್ ಹಾವೆಲಾರ್’ ಕಾದಂಬರಿ ಪ್ರಕಟವಾದದ್ದು ೧೮೬೦ರಲ್ಲಿ. ಅದರ ಪೂರ್ತಿ ಹೆಸರಿನಲ್ಲಿ ಇನ್ನೊಂದು ತುಂಡು ಇದೆ: ‘ಅಥವಾ ಡಚ್ ವ್ಯಾಪಾರ ಕಂಪೆನಿಯ ಕಾಫಿ ಹರಾಜುಗಳು’. ಕಥೆಯ ಪುಸ್ತಕಕ್ಕೆ ಇದೆಂಥ ಹೆಸರು ಎಂದು ಆ ಕಾಲದ ಓದುಗನೂ ಹುಬ್ಬೇರಿಸಿರಬೇಕು. ನಾಯಕನ ಹೆಸರಿನ ಪಕ್ಕದಲ್ಲಿ ಒಂದು ವ್ಯಾಪಾರ ಸಂಸ್ಥೆಯ ಹರಾಜಿನ ಮಾತೇಕೆ? ಪುಸ್ತಕವನ್ನು ಓದಿ ಮುಗಿಸಿದವನಿಗೆ ಮಾತ್ರ ಈ ಜೋಡಿ ಹೆಸರಿನಲ್ಲಿಯೇ ಕಾದಂಬರಿಯ ಸಮಸ್ತ ಅರ್ಥವೂ ಅಡಗಿದೆಯೆಂಬುದು ಹೊಳೆಯುತ್ತದೆ. ಜಾವಾ ದ್ವೀಪದ ಒಂದು ಬಡ ಜಿಲ್ಲೆಯ ಗೋಳಿಗೂ ಆಂಸ್ಟರ್‌ಡ್ಯಾಮ್ ನಗರದ ಹರಾಜು ಕಟ್ಟೆಗೂ ಸಂಬಂಧವಿದೆ ಎಂಬುದೇ ಆ ಅರ್ಥ. ಆ ‘ಅಥವಾ’ ಎಂಬ ಒಂದು ಪದ ಸಮುದ್ರದ ಎರಡು ದಡಗಳನ್ನು ಹೊಲಿದಿದೆ.

ಈ ಹಳೆಯ ಕೃತಿಯನ್ನು ಈಗ ನೆನೆಯುವುದಕ್ಕೆ ಕಾರಣವುಂಟು. ೨೦೧೯ರಲ್ಲಿ ಇದರ ಹೊಸ ಇಂಗ್ಲಿಷ್ ಅನುವಾದವೊಂದು ಹೊರಬಂದಿತು. ಅದೇ ವರ್ಷದ ಏಪ್ರಿಲ್ ತಿಂಗಳಲ್ಲಿ ಲಂಡನ್ನಿನ ಸರ್ವೋಚ್ಚ ನ್ಯಾಯಾಲಯ, ಆಫ್ರಿಕದ ಜಾಂಬಿಯ ದೇಶದ ಹಳ್ಳಿಗರು ಒಂದು ದೊಡ್ಡ ಗಣಿ ಕಂಪೆನಿಯ ಮೇಲೆ ಹೂಡಿದ ದಾವೆಯಲ್ಲಿ ಮಹತ್ವದ ತೀರ್ಪು ಕೊಟ್ಟಿತು. ಪರದೇಶದಲ್ಲಿ ತನ್ನ ಅಂಗಸಂಸ್ಥೆ ಮಾಡಿದ ಹಾನಿಗೆ ಮೂಲ ಕಂಪೆನಿ ತನ್ನ ಸ್ವದೇಶದ ನ್ಯಾಯಾಲಯದಲ್ಲಿ ಉತ್ತರ ಹೇಳಬೇಕೆ ಎಂಬುದು ಅಲ್ಲಿನ ಪ್ರಶ್ನೆ. ಇವೆರಡನ್ನೂ ಒಟ್ಟಿಗೆ ಓದಿದರೆ ಒಂದರ ಬೆಳಕು ಇನ್ನೊಂದರ ಮೇಲೆ ಬೀಳುತ್ತದೆ. ಕಾದಂಬರಿ ಎಲ್ಲಿ ಗೆದ್ದಿತು, ಎಲ್ಲಿ ಸೋತಿತು ಎಂಬುದೂ ಆಗ ಹೆಚ್ಚು ಸ್ಪಷ್ಟವಾಗಿ ಕಾಣುತ್ತದೆ.

ಕೃತಿಕಾರನ ನಿಜ ನಾಮಧೇಯ ಎಡ್ವರ್ಡ್ ಡೌವೆಸ್ ಡೆಕ್ಕರ್ (೧೮೨೦–೧೮೮೭). ‘ಮುಲ್ತಾತುಲಿ’ ಎಂಬುದು ಅವನು ಇಟ್ಟುಕೊಂಡ ಕಾವ್ಯನಾಮ; ‘ಬಹಳ ಸಹಿಸಿದ್ದೇನೆ’ ಎಂದು ಆ ಲ್ಯಾಟಿನ್ ಮಾತಿನ ಅರ್ಥ. ೧೮೫೬ರ ಆರಂಭದಲ್ಲಿ ಅವನು ಜಾವಾದ ಪಶ್ಚಿಮ ಭಾಗದ ಲೆಬಾಕ್ ಎಂಬಲ್ಲಿ ಸಹಾಯಕ ರೆಸಿಡೆಂಟನಾಗಿದ್ದ. ಅಲ್ಲಿನ ದೇಶೀಯ ಅಧಿಪತಿ ಪ್ರಜೆಗಳಿಂದ ಬಿಟ್ಟಿ ದುಡಿಸಿಕೊಳ್ಳುತ್ತಾನೆ, ಅವರ ಕೋಣಗಳನ್ನು ಕಿತ್ತುಕೊಳ್ಳುತ್ತಾನೆ ಎಂದು ಡೆಕ್ಕರ್ ಮೇಲಧಿಕಾರಿಗೆ ದೂರು ಕೊಟ್ಟ. ಮೇಲಧಿಕಾರಿಗೆ ಬೇಕಾಗಿದ್ದುದು ನ್ಯಾಯವಲ್ಲ, ನೆಮ್ಮದಿ. ಕೆಲವೇ ತಿಂಗಳಲ್ಲಿ ಡೆಕ್ಕರ್ ರಾಜೀನಾಮೆಯಿತ್ತು ಹೊರಬಿದ್ದ. ೧೮೫೯ರ ಶರತ್ಕಾಲದಲ್ಲಿ ಬ್ರಸೆಲ್ಸಿನ ಒಂದು ಅಗ್ಗದ ವಸತಿಗೃಹದಲ್ಲಿ ಕುಳಿತು, ಸುಮಾರು ಒಂದು ತಿಂಗಳಲ್ಲಿ ಈ ಕಾದಂಬರಿಯನ್ನು ಬರೆದು ಮುಗಿಸಿದ. ಅದನ್ನು ಪ್ರಕಟಣೆಗೆ ಸಿದ್ಧಪಡಿಸಿದ ವಾನ್ ಲೆನ್ನೆಪ್ ಎಂಬ ಗಣ್ಯ ಸಾಹಿತಿ ಊರುಗಳ ಹೆಸರುಗಳನ್ನು ಅಳಿಸಿ ಅಲ್ಲಲ್ಲಿ ಚುಕ್ಕೆಗಳನ್ನಿಟ್ಟ. ಹಾಗೆ ಮಾಡಿದರೆ ಕಥೆ ಎಲ್ಲಿಯದೋ ಯಾರದೋ ಆಗಿಬಿಡುತ್ತದೆ. ದೂರವನ್ನು ಉಳಿಸಿಕೊಳ್ಳುವುದಕ್ಕೆ ಚುಕ್ಕೆಗಳೂ ಸಾಕು!

ಜಾವಾದಲ್ಲಿ ಆಗ ಇದ್ದ ವ್ಯವಸ್ಥೆಯನ್ನು ಎರಡು ಮಾತಿನಲ್ಲಿ ಹೇಳಬೇಕು. ೧೮೩೦ರಿಂದ ಡಚ್ ಸರ್ಕಾರ ಅಲ್ಲಿ ನಿರ್ಬಂಧ ಬೇಸಾಯದ ಪದ್ಧತಿಯನ್ನು ಜಾರಿಗೆ ತಂದಿತ್ತು. ಹಳ್ಳಿಯ ಜಮೀನಿನಲ್ಲಿ ಐದರಲ್ಲೊಂದು ಪಾಲನ್ನು ಕಾಫಿ, ಕಬ್ಬು, ನೀಲಿ ಮುಂತಾದ ರಫ್ತು ಬೆಳೆಗಳಿಗೆ ಬಿಡಬೇಕು, ಇಲ್ಲವೆ ಅದಕ್ಕೆ ಸಮನಾದ ದುಡಿಮೆ ಸಲ್ಲಿಸಬೇಕು ಎಂಬುದು ಕಾಗದದ ಮೇಲಿನ ನಿಯಮ. ನೆಲದ ಮೇಲೆ ಈ ಮಿತಿ ಉಳಿಯಲಿಲ್ಲ. ಬೆಲೆ ನಿಗದಿ ಮಾಡುವುದು ಸರ್ಕಾರ. ಹಡಗಿಗೇರಿಸಿ ಹಾಲೆಂಡಿನಲ್ಲಿ ಹರಾಜು ಹಾಕುವುದು ೧೮೨೪ರಲ್ಲಿ ದೊರೆಯ ಪ್ರೇರಣೆಯಿಂದ ಹುಟ್ಟಿದ ಡಚ್ ವ್ಯಾಪಾರ ಕಂಪೆನಿ. ಬೆಳೆ ಹೆಚ್ಚಿದಷ್ಟೂ ಅಧಿಕಾರಿಗೂ ದೇಶೀಯ ಅಧಿಪತಿಗೂ ಶೇಕಡಾವಾರು ಲಾಭಾಂಶ. ಅಂದಮೇಲೆ ದೂರು ಕೇಳುವವನು ಯಾರು?

ನಮ್ಮ ಮನೆಗಳಲ್ಲಿ ಬೆಳಗಿನ ಕಾಫಿ ಇಳಿಯುವಾಗ ಇದನ್ನೂ ಜ್ಞಾಪಿಸಿಕೊಳ್ಳಬಹುದು: ಹದಿನೇಳನೆಯ ಶತಮಾನದ ಕೊನೆಯಲ್ಲಿ ಡಚ್ಚರು ಜಾವಾಕ್ಕೆ ಒಯ್ದ ಕಾಫಿ ಸಸಿಗಳು ಹೋದದ್ದು ಮಲಬಾರಿನ ತೀರದಿಂದ. ಬಾಬಾಬುಡನ್ ಗಿರಿಯ ಕಾಫಿಗೂ ಲೆಬಾಕಿನ ಸೀಮೆಗೂ ಹಾಗೆ ನೋಡಿದರೆ ದೂರದ ನೆಂಟಸ್ತಿಕೆಯೇ ಇದೆ.

ಇನ್ನು ಕಾದಂಬರಿಗೆ ಬರೋಣ. ಡೆಕ್ಕರ್ ತನ್ನ ದೂರನ್ನು ನೇರವಾಗಿ ಹೇಳಿದ್ದರೆ ಅದು ಒಂದು ಕರಪತ್ರವಾಗುತ್ತಿತ್ತು, ಓದಿದವರು ‘ಪಾಪ!’ ಎಂದು ಮಡಿಸಿಡುತ್ತಿದ್ದರು. ಅವನು ಹಾಗೆ ಮಾಡಲಿಲ್ಲ. ಕಥೆಯ ಬಾಗಿಲಿನಲ್ಲಿ ಅವನು ನಿಲ್ಲಿಸಿದ್ದು ದ್ರೋಗ್‌ಸ್ಟೊಪ್ಪೆಲ್ ಎಂಬ ಕಾಫಿ ದಲ್ಲಾಳಿಯನ್ನು. ಈ ಹೆಸರಿಗೆ ‘ಒಣ ಕೂಳೆ’ ಎಂದರ್ಥ. ಪಾತ್ರವೂ ಹೆಸರಿಗೆ ತಕ್ಕಂತೆ. ಓದುಗನಿಗೆ ಮೊದಲು ತನ್ನ ಕಸುಬನ್ನೂ ಮನೆಯ ನಂಬರನ್ನೂ ತಿಳಿಸುವ ಆಸಾಮಿ ಈತ. ಕವಿತೆ, ನಾಟಕಗಳೆಲ್ಲ ಅವನ ಪಾಲಿಗೆ ಸುಳ್ಳಿನ ಮೂಟೆ. ತಾನು ಶ್ರೀಮಂತನಾಗಿರುವುದು ತನ್ನ ಸದ್ಗುಣಕ್ಕೆ ಪ್ರಮಾಣ. ಹಳೆಯ ಸಹಪಾಠಿಯೊಬ್ಬ ಮೈಮುಚ್ಚಲು ಶಾಲು ಮಾತ್ರ ಹೊದ್ದು ಬೀದಿಯಲ್ಲಿ ನಡುಗುತ್ತಿರುವುದು ಅವನ ದುರ್ಗುಣಕ್ಕೆ ಪ್ರಮಾಣ! ಆ ಶಾಲಿನವನು ಕೊಟ್ಟ ಹಸ್ತಪ್ರತಿಗಳ ಗಂಟಿನಲ್ಲಿ ಕಾಫಿಯ ವಿಷಯ ಕಂಡದ್ದರಿಂದ ದಲ್ಲಾಳಿಗೆ ಒಂದು ಪುಸ್ತಕ ತರುವ ಆಸೆಯಾಗುತ್ತದೆ. ಬರೆಯುವ ಕೆಲಸವನ್ನು ತನ್ನ ಕಚೇರಿಯಲ್ಲಿದ್ದ ಸ್ಟರ್ನ್ ಎಂಬ ಜರ್ಮನ್ ತರುಣನಿಗೆ ಒಪ್ಪಿಸುತ್ತಾನೆ. ಆ ತರುಣನ ಲೇಖನಿಯಿಂದ ಹೊರಬರುವುದು ಕಾಫಿಯ ಶಾಸ್ತ್ರವಲ್ಲ, ಲೆಬಾಕಿನಲ್ಲಿ ಸೋತ ಅಧಿಕಾರಿ ಹಾವೆಲಾರನ ಕಥೆ.

ಈ ರಚನೆಯ ಚಾತುರ್ಯವನ್ನು ಕೇವಲ ಹಾಸ್ಯವೆಂದು ತಳ್ಳಿಹಾಕಕೂಡದು. ಜಾವಾದ ಕಥೆ ಕರುಳು ಹಿಂಡುತ್ತಿರುವ ಹೊತ್ತಿಗೇ ದಲ್ಲಾಳಿ ನಡುವೆ ಬಾಯಿಹಾಕುತ್ತಾನೆ. ತನ್ನ ಪ್ರತಿಸ್ಪರ್ಧಿ ವ್ಯಾಪಾರಿಗಳು ಗಿರಾಕಿಗಳನ್ನು ಕದಿಯುತ್ತಿದ್ದಾರೆಂದು ಗೊಣಗುತ್ತಾನೆ; ಜಾವಾದವರನ್ನು ದುಡಿಮೆಯ ಮೂಲಕ ದೇವರ ಬಳಿಗೆ ಒಯ್ಯಬೇಕೆಂದು ಬೋಧಿಸಿದ ಪಾದ್ರಿಯ ಉಪನ್ಯಾಸವನ್ನು ಹೊಗಳುತ್ತಾನೆ. ಅಲ್ಲಿ ಕಣ್ಣೀರು, ಇಲ್ಲಿ ಲೆಕ್ಕದ ಪುಸ್ತಕ. ಹೀಗೆ ಎರಡು ಲೋಕಗಳನ್ನು ಒಂದೇ ಹೊಲಿಗೆಯಲ್ಲಿ ಕಟ್ಟಿದ್ದರಿಂದ, ಒಂದನ್ನು ಬಿಟ್ಟು ಇನ್ನೊಂದನ್ನು ಓದುವುದು ಓದುಗನಿಗೆ ಸಾಧ್ಯವಾಗದೆ ಹೋಯಿತು. ಮೇಲಾಗಿ, ದಲ್ಲಾಳಿ ಕೆಟ್ಟವನಲ್ಲ. ಅವನು ಯಾರ ಕೋಣವನ್ನೂ ಕದ್ದಿಲ್ಲ, ಯಾರ ಬೆನ್ನಿಗೂ ಛಡಿಯೇಟು ಕೊಟ್ಟಿಲ್ಲ. ಜಾವಾ ದ್ವೀಪವನ್ನು ಕಣ್ಣಿನಿಂದ ಕಂಡವನೂ ಅಲ್ಲ. ಅವನ ಅಪರಾಧವೆಲ್ಲ ಆ ಕಾಣದಿರುವಿಕೆಯಲ್ಲೇ ಇದೆ. ಊರ ಮುಖಂಡ, ಅಧಿಪತಿ, ರೆಸಿಡೆಂಟ್, ಗವರ್ನರ್ ಜನರಲ್, ಕಂಪೆನಿ, ದಲ್ಲಾಳಿ — ಈ ಸರಪಳಿಯಲ್ಲಿ ಪ್ರತಿಯೊಬ್ಬನೂ ‘ನನ್ನ ಕೈ ಶುದ್ಧ’ ಎಂದು ಹೇಳಬಲ್ಲ. ಸರಪಳಿಯ ತುದಿಯಲ್ಲಿ ಮಾತ್ರ ಒಬ್ಬ ರೈತನ ಕೊಟ್ಟಿಗೆ ಬರಿದಾಗಿರುತ್ತದೆ. ಇದನ್ನು ಕಂಡದ್ದೇ ಡೆಕ್ಕರನ ದೊಡ್ಡಸ್ತಿಕೆ.

ಆ ಕೊಟ್ಟಿಗೆಯ ಕಥೆಯೇ ಸೈಜಾ ಮತ್ತು ಅದಿಂಡಾರ ಪ್ರಕರಣ. ಸೈಜಾನ ತಂದೆಯ ಕೋಣಗಳನ್ನು ಜಿಲ್ಲೆಯ ಮುಖ್ಯಸ್ಥ ಒಂದಾದ ಮೇಲೊಂದರಂತೆ ಕಿತ್ತುಕೊಳ್ಳುತ್ತಾನೆ. ತಂದೆ ವಂಶದ ಕಠಾರಿಯನ್ನು ಮಾರಿ ಇನ್ನೊಂದನ್ನು ತರುತ್ತಾನೆ, ಅದೂ ಹೋಗುತ್ತದೆ. ಕೊನೆಗೆ ತಂದೆಯೂ ಊರು ಬಿಟ್ಟು ಮಡಿಯುತ್ತಾನೆ. ಕೋಣಗಳನ್ನು ಕೊಳ್ಳುವಷ್ಟು ಹಣ ಸಂಪಾದಿಸಿ ಬಂದು ಅದಿಂಡಾಳನ್ನು ಮದುವೆಯಾಗಬೇಕೆಂದು ಸೈಜಾ ಬಟೇವಿಯ ಪಟ್ಟಣಕ್ಕೆ ಹೋಗುತ್ತಾನೆ. ಮೂರು ವರ್ಷದ ಮೇಲೆ ಹೇಳಿದ ದಿನಕ್ಕೆ, ಹೇಳಿದ ಮರದ ಕೆಳಗೆ ಬಂದು ಕಾಯುತ್ತಾನೆ, ಅವಳು ಬರುವುದಿಲ್ಲ. ಅವಳ ಮನೆಯ ಕೋಣವೂ ಹೋಗಿ, ಕುಟುಂಬವೇ ಸಮುದ್ರದಾಚೆಯ ಲಂಪಂಗಿಗೆ ಓಡಿಹೋಗಿದೆ. ಅವನು ಅಲ್ಲಿ ತಲುಪುವ ವೇಳೆಗೆ ಡಚ್ ಸೈನಿಕರ ಕೈಯಲ್ಲಿ ಅವಳ ಕೊಲೆಯಾಗಿರುತ್ತದೆ.

ಇದನ್ನು ಓದುವಾಗ ಕನ್ನಡಿಗನಿಗೆ ಕಾರಂತರ ‘ಚೋಮನ ದುಡಿ’ (೧೯೩೩) ನೆನಪಾಗದಿರದು. ಚೋಮನಿಗೆ ಎತ್ತಿನ ಜೋಡಿ ಇದೆ, ಉಳಲು ನೆಲವಿಲ್ಲ. ಸೈಜಾನ ತಂದೆಗೆ ನೆಲವಿದೆ, ಉಳುವ ಕೋಣವಿಲ್ಲ. ಚೋಮನ ಮನೆಯನ್ನು ಒಡೆಯುವುದೂ ಕಾಫಿ ತೋಟದ ಸಾಲವೇ. ಮಕ್ಕಳು ಒಬ್ಬೊಬ್ಬರಾಗಿ ಘಟ್ಟ ಹತ್ತುತ್ತಾರೆ. ಆದರೆ ಎರಡು ಕೃತಿಗಳ ಸ್ವಭಾವ ಬೇರೆ. ಕಾರಂತರು ಚೋಮನ ಗುಡಿಸಿಲಿನೊಳಗೆ ಕುಳಿತು ಕಥೆ ಹೇಳಿದರು. ತೋಟ ಅಲ್ಲಿ ದೂರದಿಂದ ಬಂದು ಬಡಿಯುವ ವಿಧಿಯಂತೆ ಇದೆ. ಡೆಕ್ಕರ್ ವಿಧಿಯ ಮಾತನ್ನೇ ಎತ್ತುವುದಿಲ್ಲ. ಅದರ ಮನೆ ನಂಬರನ್ನು ಹುಡುಕಿ ತೆಗೆದು ಬಾಗಿಲ ಮೇಲೆ ಬರೆಯುತ್ತಾನೆ. ಮಾನವನ ಅಂತರಂಗವನ್ನು ಬಿಡಿಸುವುದರಲ್ಲಿ ಕಾರಂತರದು ಮೇಲುಗೈ. ದೂರದ ಹೊಣೆಗಾರನನ್ನು ಗುರುತಿಸುವುದರಲ್ಲಿ ಡೆಕ್ಕರನದು.

ಕಾದಂಬರಿಯ ಇನ್ನೊಂದು ಗುಣವನ್ನು ವಿಮರ್ಶಕರು ಸಾಮಾನ್ಯವಾಗಿ ಗಮನಿಸಿದಂತಿಲ್ಲ. ಅದು ವರದಿಗಳನ್ನು ಕುರಿತ ಅದರ ವ್ಯಂಗ್ಯ. ಜಿಲ್ಲೆಯಿಂದ ರೆಸಿಡೆಂಟನಿಗೆ, ಅಲ್ಲಿಂದ ರಾಜಧಾನಿಗೆ, ರಾಜಧಾನಿಯಿಂದ ಹಾಲೆಂಡಿಗೆ ಹೋಗುವ ಕಾಗದಗಳಲ್ಲೆಲ್ಲ ಸರ್ವವೂ ಕ್ಷೇಮ. ಜನ ಊರು ಬಿಟ್ಟು ಓಡುತ್ತಿದ್ದರೂ ವರದಿಯಲ್ಲಿ ಶಾಂತಿ ನೆಲೆಸಿರುತ್ತದೆ. ಮೇಲಿನವರಿಗೆ ಹಿತವಾದುದನ್ನು ಬರೆಯುವುದು ಕೆಳಗಿನವರಿಗೆ ಅಭ್ಯಾಸ. ಓದಿ ನಂಬಿದಂತೆ ತೋರುವುದು ಮೇಲಿನವರಿಗೆ ಅನುಕೂಲ. ದಲ್ಲಾಳಿ ಯಾವ ಸಾಹಿತ್ಯವನ್ನು ಸುಳ್ಳೆಂದು ಬೈದನೋ ಅದು ಸತ್ಯವನ್ನು ಹೇಳುತ್ತದೆ. ಯಾವ ಲೆಕ್ಕಪತ್ರವನ್ನು ಸತ್ಯವೆಂದು ನಂಬಿದನೋ ಅದು ಕಟ್ಟುಕಥೆ. ಕೃತಿಯ ನಡುಗಂಬವೇ ಈ ವಿಪರ್ಯಾಸ. ಇದನ್ನು ನೆನಪಿನಲ್ಲಿಟ್ಟುಕೊಳ್ಳೋಣ, ಮುಂದೆ ನ್ಯಾಯಾಲಯದಲ್ಲಿ ಇದು ಉಪಯೋಗಕ್ಕೆ ಬರುತ್ತದೆ.

ದೋಷಗಳನ್ನು ಹೇಳದಿದ್ದರೆ ವಿಮರ್ಶೆ ಸ್ತೋತ್ರವಾದೀತು. ಹಾವೆಲಾರ್ ತನ್ನ ಸದ್ಗುಣದಲ್ಲಿ ತಾನೇ ಮೋಹಗೊಂಡ ನಾಯಕ. ಲೇಖಕ ಅವನನ್ನು ಕನ್ನಡಿಯ ಮುಂದೆ ನಿಲ್ಲಿಸಿ ಪದೇ ಪದೇ ಬೆನ್ನು ತಟ್ಟುತ್ತಾನೆ. ಕಾದಂಬರಿಯ ಕೊನೆಗೆ ಡೆಕ್ಕರ್ ತಾನೇ ವೇದಿಕೆಯ ಮೇಲೆ ಹಾರಿ ಬಂದು, ಸ್ಟರ್ನನ ಕೈಯಿಂದ ಲೇಖನಿ ಕಿತ್ತುಕೊಂಡು, ದಲ್ಲಾಳಿಗೆ ಕಾಫಿಯಲ್ಲೇ ಉಸಿರುಗಟ್ಟಿ ಸಾಯುವಂತೆ ಅಪ್ಪಣೆ ಕೊಟ್ಟು, ನೇರವಾಗಿ ಮೂರನೆಯ ವಿಲಿಯಂ ದೊರೆಗೆ ಮೊರೆಯಿಡುತ್ತಾನೆ. ಮೈ ನವಿರೇಳಿಸುವ ಪುಟಗಳು ಇವು. ಆದರೂ ಇಲ್ಲೊಂದು ಬಿರುಕಿದೆ. ಡೆಕ್ಕರ್ ಕೇಳಿದ್ದು ಒಳ್ಳೆಯ ಆಡಳಿತವನ್ನು. ಡಚ್ಚರು ಅಲ್ಲಿಂದ ಹೊರಡಬೇಕೆಂದು ಅವನು ಹೇಳಲಿಲ್ಲ. ಪುಸ್ತಕ ಅಚ್ಚಾಗುವ ಮುಂಚೆ, ಜಾವಾದಲ್ಲಿ ತಕ್ಕ ಹುದ್ದೆಯೂ ರಾಜಗೌರವವೂ ಸಿಗುವುದಾದರೆ ಅದನ್ನು ತಡೆಹಿಡಿಯಲು ಅವನು ಸಿದ್ಧನಿದ್ದನೆಂಬುದೂ ಅವನ ಜೀವನಚರಿತ್ರೆಯಲ್ಲಿ ದಾಖಲಾಗಿದೆ.

ಇದಕ್ಕಿಂತ ಆಳವಾದ ಕೊರತೆಯೊಂದಿದೆ. ಲೆಬಾಕಿನ ಜನ ಈ ಕಾದಂಬರಿಯಲ್ಲಿ ಅಳುತ್ತಾರೆ, ಹಾಡುತ್ತಾರೆ, ಓಡಿಹೋಗುತ್ತಾರೆ, ಸಾಯುತ್ತಾರೆ, ದಾವೆ ಹೂಡುವುದಿಲ್ಲ. ರಾತ್ರಿಯ ಕತ್ತಲಲ್ಲಿ ಅಧಿಕಾರಿಯ ಬಳಿ ಬಂದು ದೂರುತ್ತಾರೆ, ಹಗಲು ವಿಚಾರಣೆಯಲ್ಲಿ ಹೆದರಿ ಅಲ್ಲಗಳೆಯುತ್ತಾರೆ. ಅವರ ಪರವಾಗಿ ಮಾತನಾಡಲು ಒಬ್ಬ ಬಿಳಿಯ ಅಧಿಕಾರಿ ಬೇಕು; ಅವನ ಮಾತನ್ನು ಕೇಳಲು ಒಬ್ಬ ದಯಾಳು ದೊರೆ ಬೇಕು. ಎರಡೂ ಕಡೆ ನ್ಯಾಯವೆಂಬುದು ದೊಡ್ಡವರ ಕೃಪೆಯಾಗಿ ಬರಬೇಕೇ ಹೊರತು ಚಿಕ್ಕವರ ಹಕ್ಕಾಗಿ ಅಲ್ಲ. ಸೈಜಾ ಆಂಸ್ಟರ್‌ಡ್ಯಾಮಿನ ಕಟಕಟೆಯ ಮುಂದೆ ವಾದಿಯಾಗಿ ನಿಲ್ಲಬಹುದೆಂಬ ಕಲ್ಪನೆ, ಇಷ್ಟೆಲ್ಲ ಕಲ್ಪಿಸಬಲ್ಲ ಲೇಖಕನಿಗೂ ಬರಲಿಲ್ಲ. ಇಂಡೋನೇಷ್ಯದ ಮಹಾ ಕಾದಂಬರಿಕಾರ ಪ್ರಮೂದ್ಯ ಅನಂತ ತೂರ್ ಅವರು ೧೯೯೯ರಲ್ಲಿ ಇದನ್ನು ವಸಾಹತುಶಾಹಿಯನ್ನು ಕೊಂದ ಪುಸ್ತಕವೆಂದು ಕೊಂಡಾಡಿದರು. ದೊಡ್ಡವರ ಔದಾರ್ಯದ ಮಾತು ಅದು. ನಿರ್ಬಂಧ ಬೇಸಾಯ ೧೮೭೦ರಿಂದಾಚೆಗೆ ಹಂತಹಂತವಾಗಿ ಕರಗಿತೆಂಬುದು ನಿಜ. ಆದರೆ ಡಚ್ ಆಳ್ವಿಕೆಯನ್ನು ಮುಗಿಸಿದ್ದು ಆ ದೇಶದ ಜನರ ಹೋರಾಟ.

ಸೈಜಾ ವಾದಿಯಾಗುವುದಕ್ಕೆ ಕಾನೂನಿನಲ್ಲಿ ಏನು ಬೇಕಾಗಿತ್ತು? ಆಂಗ್ಲ ನ್ಯಾಯಪದ್ಧತಿಯಲ್ಲಿ ‘ಎಚ್ಚರದ ಹೊಣೆ’ ಎಂಬುದೊಂದು ತತ್ತ್ವವಿದೆ. ನಾನು ಮಾಡುವ ಕೆಲಸದಿಂದ ಇನ್ನೊಬ್ಬನಿಗೆ ಕೇಡಾದೀತೆಂದು ವಿವೇಕದಿಂದ ಊಹಿಸಬಹುದಾದರೆ, ಆ ಕೇಡನ್ನು ತಪ್ಪಿಸುವ ಎಚ್ಚರ ನನ್ನ ಮೇಲಿನ ಹೊಣೆ. ತಪ್ಪಿದರೆ ನಷ್ಟ ಕಟ್ಟಿಕೊಡಬೇಕು. ೧೯೩೨ರಲ್ಲಿ ಸ್ಕಾಟ್ಲೆಂಡಿನ ಒಂದು ಪಾನೀಯದ ಬಾಟಲಿಯ ಮೊಕದ್ದಮೆಯಲ್ಲಿ ಲಾರ್ಡ್ ಅಟ್ಕಿನ್ ಈ ತತ್ತ್ವವನ್ನು ‘ನೆರೆಯವನು ಯಾರು?’ ಎಂಬ ಬೈಬಲಿನ ಪ್ರಶ್ನೆಗೆ ಗಂಟುಹಾಕಿದರು. ಪಕ್ಕದ ಮನೆಯವನಷ್ಟೇ ನೆರೆಯವನಲ್ಲ. ನನ್ನ ಕೃತ್ಯ ಯಾರನ್ನು ತಟ್ಟುವುದೋ ಅವನೆಲ್ಲ ನೆರೆಯವನು. ಬಾಟಲಿ ತುಂಬಿದವನೂ ಕುಡಿದವಳೂ ಪರಸ್ಪರ ಮುಖ ನೋಡಿದವರಲ್ಲ. ಆದರೂ ಅವಳು ಅವನ ನೆರೆಯವಳೆಂದು ನ್ಯಾಯಾಲಯ ಒಪ್ಪಿತು.

ಬಾಟಲಿಗೆ ಸಿಕ್ಕ ಈ ನೆರೆತನ ಸಮುದ್ರ ದಾಟುವುದಕ್ಕೆ ಬಹಳ ಕಾಲ ಹಿಡಿಯಿತು. ಅಡ್ಡ ನಿಂತದ್ದು ಇನ್ನೊಂದು ತತ್ತ್ವ: ಪ್ರತಿ ಕಂಪೆನಿಯೂ ಕಾನೂನಿನ ಕಣ್ಣಿಗೆ ಬೇರೆ ಬೇರೆ ವ್ಯಕ್ತಿ. ಮಗ ಮಾಡಿದ ಸಾಲಕ್ಕೆ ತಂದೆ ಬಾಧ್ಯನಲ್ಲ ಎಂಬಂತೆ, ಅಂಗಸಂಸ್ಥೆಯ ಕೃತ್ಯಕ್ಕೆ ಮೂಲ ಕಂಪೆನಿ ಬಾಧ್ಯವಲ್ಲ. ಲಾಭಾಂಶ ಮಾತ್ರ ತಪ್ಪದೆ ತಂದೆಯ ಮನೆ ಸೇರುತ್ತದೆ! ಈ ವಾದದ ಭಾರ ನಮಗೆ ಅಪರಿಚಿತವಲ್ಲ. ೧೯೮೪ರ ಡಿಸೆಂಬರ್ ೨ರ ರಾತ್ರಿ ಭೋಪಾಲದಲ್ಲಿ ವಿಷಾನಿಲ ಹೊರಬಿದ್ದ ಕಾರ್ಖಾನೆಯ ಒಡೆತನದಲ್ಲಿ ಅಮೆರಿಕದ ಯೂನಿಯನ್ ಕಾರ್ಬೈಡಿನ ಪಾಲು ಅರ್ಧಕ್ಕಿಂತ ಹೆಚ್ಚಿತ್ತು. ಮೊಕದ್ದಮೆ ನ್ಯೂಯಾರ್ಕಿಗೆ ಹೋಯಿತು. ನಮ್ಮ ನ್ಯಾಯಾಲಯಗಳಿಗೆ ಇಂಥ ದಾವೆಯನ್ನು ನಿಭಾಯಿಸಲು ಸಾಧ್ಯವಿಲ್ಲವೆಂದು ಭಾರತ ಸರ್ಕಾರವೇ ಅಲ್ಲಿ ವಾದಿಸಿತು. ಸಾಧ್ಯವಿದೆಯೆಂದು ಕಂಪೆನಿ ನಮ್ಮನ್ನು ಹೊಗಳಿತು. ೧೯೮೬ರಲ್ಲಿ ಅಲ್ಲಿನ ನ್ಯಾಯಾಧೀಶರು ದಾವೆಯನ್ನು ಭಾರತಕ್ಕೆ ಸಾಗಹಾಕಿದರು. ೧೯೮೯ರಲ್ಲಿ ೪೭ ಕೋಟಿ ಡಾಲರಿಗೆ ರಾಜಿಯಾಯಿತು. ಇನ್ನೂ ಹೆಚ್ಚಿನ ಪರಿಹಾರ ಬೇಕೆಂಬ ಕೇಂದ್ರ ಸರ್ಕಾರದ ಕೊನೆಯ ಅರ್ಜಿಯನ್ನು ನಮ್ಮ ಸುಪ್ರೀಂ ಕೋರ್ಟು ವಜಾ ಮಾಡಿದ್ದು ೨೦೨೩ರಲ್ಲಿ. ಅಲ್ಲಿಯವರೆಗೆ ಮೂವತ್ತೆಂಟು ವರ್ಷ ಸಂದಿದ್ದುವು.

ಜಾಂಬಿಯದ ದಾವೆಗೆ ಈಗ ಮರಳೋಣ. ಚಿಂಗೋಲಾ ಪ್ರದೇಶದ ನ್‌ಚಾಂಗ ತಾಮ್ರದ ಗಣಿಯಿಂದ ಹೊರಬಿದ್ದ ವಿಷದ ನೀರು ತಮ್ಮ ಹೊಳೆಗಳನ್ನೂ ಹೊಲಗಳನ್ನೂ ಕೆಡಿಸಿತೆಂದು ೧,೮೨೬ ಮಂದಿ ಹಳ್ಳಿಗರು ಆರೋಪಿಸಿದರು. ಗಣಿ ನಡೆಸುತ್ತಿದ್ದುದು ಕೊಂಕೋಲ ಎಂಬ ಅಲ್ಲಿನ ಕಂಪೆನಿ. ಅದರ ಮೂಲ ಕಂಪೆನಿ ಲಂಡನ್ನಿನಲ್ಲಿ ನೋಂದಾಯಿತವಾದ, ಭಾರತೀಯ ಉದ್ಯಮಿಯೊಬ್ಬರು ಕಟ್ಟಿದ ವೇದಾಂತ. ಮೂಲ ಕಂಪೆನಿಯ ಮೇಲೆ ಇಂಗ್ಲೆಂಡಿನಲ್ಲಿ ವಿಚಾರಣೆ ನಡೆಸಬಹುದೆಂದು ಸರ್ವೋಚ್ಚ ನ್ಯಾಯಾಲಯ ಹೇಳಿತು. ತಪ್ಪಿತಸ್ಥರೆಂದು ಅದು ತೀರ್ಮಾನಿಸಲಿಲ್ಲ, ಬಾಗಿಲನ್ನಷ್ಟೇ ತೆರೆಯಿತು. ೨೦೨೧ರಲ್ಲಿ, ಹೊಣೆಯನ್ನು ಒಪ್ಪಿಕೊಳ್ಳದೆ, ಕಂಪೆನಿ ರಾಜಿ ಮಾಡಿಕೊಂಡಿತು.

ಆ ಬಾಗಿಲು ತೆರೆದ ಕೀಲಿಕೈ ಯಾವುದೆಂದು ನೋಡಿದರೆ ಡೆಕ್ಕರನ ಓದುಗನಿಗೆ ನಗು ಬರುತ್ತದೆ. ಅದು ಕಂಪೆನಿಯೇ ಪ್ರಕಟಿಸಿದ ವರದಿ! ತನ್ನ ಸಮಸ್ತ ಅಂಗಸಂಸ್ಥೆಗಳಲ್ಲೂ ಪರಿಸರದ ಉನ್ನತ ಮಟ್ಟವನ್ನು ತಾನು ವಿಧಿಸಿ, ಕಲಿಸಿ, ನೋಡಿಕೊಳ್ಳುತ್ತಿರುವುದಾಗಿ ಮೂಲ ಕಂಪೆನಿ ಪಾಲುದಾರರ ಮುಂದೆ ಸಾರಿಕೊಂಡಿತ್ತು. ಹಾಗೆ ಹೇಳಿಕೊಂಡವರಿಗೆ ಹೊಣೆಯೂ ಇರಬಹುದಲ್ಲವೆ ಎಂದು ನ್ಯಾಯಾಲಯ ಕೇಳಿತು. ಮೇಲ್ವಿಚಾರಣೆ ನಡೆಸುತ್ತೇನೆಂದು ಜಗತ್ತಿಗೆ ಸಾರಿ, ವಾಸ್ತವದಲ್ಲಿ ನಡೆಸದೆ ಬಿಟ್ಟರೆ, ಆ ಬಿಟ್ಟದ್ದೇ ಹೊಣೆಗೇಡಿತನವಾಗಬಹುದೆಂಬುದು ಅದರ ಅಭಿಪ್ರಾಯದ ಸಾರ. ಲೆಬಾಕಿನ ಸುಳ್ಳು ವರದಿ ದೂರವನ್ನು ಬೆಳೆಸುವ ಸಾಧನವಾಗಿತ್ತು. ನೂರೈವತ್ತೊಂಬತ್ತು ವರ್ಷಗಳ ಮೇಲೆ ಅಂಥದೇ ಹೊಳಪಿನ ಗದ್ಯ ದೂರವನ್ನು ಅಳಿಸುವ ಸಾಕ್ಷಿಯಾಯಿತು. ಆಡಿದ ಮಾತು ಆಡಿದವನನ್ನೇ ಹಿಡಿಯಿತು. ವರದಿಯನ್ನೂ ಕಾದಂಬರಿಯಷ್ಟೇ ಎಚ್ಚರದಿಂದ ಓದಬೇಕೆಂಬ ಪಾಠ ವಿಮರ್ಶಕರಾದ ನಮಗೂ ಇದರಲ್ಲಿದೆ.

ಡೆಕ್ಕರನ ಸ್ವದೇಶದಲ್ಲಿ ಏನಾಯಿತೆಂಬುದು ಇನ್ನೂ ಕುತೂಹಲಕರ. ನೈಜೀರಿಯದ ನೈಜರ್ ನದೀಮುಖದ ಮೂರು ಹಳ್ಳಿಗಳ ನಾಲ್ವರು ರೈತರು ೨೦೦೮ರಲ್ಲಿ, ಒಂದು ಪರಿಸರ ಸಂಘಟನೆಯ ಬೆಂಬಲದೊಡನೆ, ಷೆಲ್ ಎಣ್ಣೆ ಕಂಪೆನಿಯ ಮೇಲೆ ಹೇಗ್ ನಗರದಲ್ಲಿ ದಾವೆ ಹೂಡಿದರು. ಕೊಳವೆಗಳಿಂದ ಸೋರಿದ ಎಣ್ಣೆ ಹೊಲವನ್ನೂ ಮೀನಿನ ಹೊಂಡವನ್ನೂ ಹಾಳುಮಾಡಿತೆಂಬುದು ಅವರ ದೂರು. ಅದು ವಿಧ್ವಂಸಕರ ಕೆಲಸವೆಂಬುದು ಕಂಪೆನಿಯ ಉತ್ತರ. ೨೦೨೧ರ ಜನವರಿ ೨೯ರಂದು ಮೇಲ್ಮನವಿಯ ನ್ಯಾಯಾಲಯ ಗೋಯಿ ಮತ್ತು ಒರುಮಾ ಹಳ್ಳಿಗಳ ಹಾನಿಗೆ ನೈಜೀರಿಯದ ಅಂಗಸಂಸ್ಥೆ ಹೊಣೆಯೆಂದಿತು. ಒರುಮಾದ ಕೊಳವೆಗೆ ಸೋರಿಕೆಯನ್ನು ಪತ್ತೆಹಚ್ಚುವ ಯಂತ್ರವನ್ನು ಹೂಡಿಸುವ ಎಚ್ಚರದ ಹೊಣೆ ಮೂಲ ಕಂಪೆನಿಗೂ ಇತ್ತೆಂದಿತು. ೨೦೨೨ರ ಡಿಸೆಂಬರಿನಲ್ಲಿ, ತಪ್ಪೊಪ್ಪಿಗೆಯಿಲ್ಲದೆ, ಒಂದೂವರೆ ಕೋಟಿ ಯೂರೋ ಪರಿಹಾರಕ್ಕೆ ಒಪ್ಪಂದವಾಯಿತು. ಅಷ್ಟರಲ್ಲಿ ಮೂಲ ವಾದಿಗಳಲ್ಲಿ ಕೆಲವರು ತೀರಿಹೋಗಿದ್ದರು. ಮಕ್ಕಳು ದಾವೆಯನ್ನು ಮುಂದುವರಿಸಿದ್ದರು. ಆದರೂ ನೋಡಿ: ಡೆಕ್ಕರ್ ಊಹಿಸಲಾರದೆ ಹೋದ ಪುಟವನ್ನು ಆ ರೈತರು ಬರೆದರು. ಸೈಜಾ ಹಾಲೆಂಡಿಗೆ ಬಂದ, ಬೇಡಲಿಕ್ಕಲ್ಲ, ಬರಬೇಕಾದ ಬಾಕಿಯನ್ನು ಕೇಳಲಿಕ್ಕೆ.

ದಾನ ಮತ್ತು ಋಣ ಎಂಬ ಎರಡು ಮಾತುಗಳು ನಮ್ಮಲ್ಲಿವೆ. ದಾನ ಕೊಡುವವನ ಇಚ್ಛೆ. ಕೊಟ್ಟರೆ ಪುಣ್ಯ, ಬಿಟ್ಟರೆ ಯಾರೂ ಕೇಳುವಂತಿಲ್ಲ. ಋಣ ಹಾಗಲ್ಲ, ಸಾಲಗಾರ ಬಾಗಿಲಿಗೆ ಬಂದು ನಿಲ್ಲಬಹುದು. ಕಂಪೆನಿಗಳ ಸಾಮಾಜಿಕ ಹೊಣೆಗಾರಿಕೆಯೆಂಬುದು ಈವರೆಗೆ ಹೆಚ್ಚಾಗಿ ದಾನದ ಭಾಷೆಯಲ್ಲೇ ಮಾತನಾಡಿದೆ. ಒಂದು ಶಾಲೆಗೆ ಬಣ್ಣ, ಒಂದು ಊರಿಗೆ ನೀರಿನ ಟ್ಯಾಂಕು, ಅದರ ಮೇಲೆ ಕಂಪೆನಿಯ ಹೆಸರು. ಟ್ಯಾಂಕು ಬೇಡವೆನ್ನುವವರಾರು? ಆದರೆ ಹೊಳೆ ಕೆಡಿಸಿದವರು ಟ್ಯಾಂಕು ಕಟ್ಟಿಸಿಕೊಟ್ಟರೆ ಲೆಕ್ಕ ಮುಗಿಯುವುದಿಲ್ಲ. ‘ಮಾಕ್ಸ್ ಹಾವೆಲಾರ್’ ಎಂಬ ಹೆಸರೇ ೧೯೮೮ರಲ್ಲಿ ಹಾಲೆಂಡಿನ ಕಾಫಿ ಪೊಟ್ಟಣಗಳ ಮೇಲೆ ನ್ಯಾಯಬೆಲೆಯ ಮುದ್ರೆಯಾಗಿ ಬಂದಿತು. ಬೆಳೆಗಾರನಿಗೆ ನಾಲ್ಕು ಕಾಸು ಹೆಚ್ಚು ದೊರಕಿಸಿದ ಒಳ್ಳೆಯ ಕೆಲಸ ಅದು. ಆದರೂ ಅದು ಕೊಳ್ಳುವವನ ಮನಸ್ಸಾಕ್ಷಿಯನ್ನು ನೆಚ್ಚಿದ್ದು. ಮನಸ್ಸಾಕ್ಷಿಯಿಲ್ಲದ ದ್ರೋಗ್‌ಸ್ಟೊಪ್ಪೆಲ್ ಪಕ್ಕದ ಪೊಟ್ಟಣವನ್ನು ಕೊಳ್ಳಬಹುದು.

ಋಣದ ಭಾಷೆಯನ್ನು ಶಾಸನಕ್ಕೆ ತರುವ ಯತ್ನಗಳು ನಡೆದಿವೆ. ಬಾಂಗ್ಲಾದೇಶದ ರಾಣಾ ಪ್ಲಾಜಾ ಕಟ್ಟಡ ೨೦೧೩ರಲ್ಲಿ ಕುಸಿದು ಸಾವಿರದ ನೂರಕ್ಕೂ ಮಿಕ್ಕಿ ಉಡುಪು ಕಾರ್ಮಿಕರು ಸತ್ತ ಮೇಲೆ, ಫ್ರಾನ್ಸ್ ೨೦೧೭ರಲ್ಲಿ ದೊಡ್ಡ ಕಂಪೆನಿಗಳಿಗೆ ತಮ್ಮ ಅಂಗಸಂಸ್ಥೆ, ಗುತ್ತಿಗೆದಾರರ ಮೇಲೆ ಕಣ್ಣಿಡುವ ಕರ್ತವ್ಯವನ್ನು ವಿಧಿಸಿತು. ಐರೋಪ್ಯ ಒಕ್ಕೂಟವೂ ೨೦೨೪ರಲ್ಲಿ ಇಂಥ ನಿರ್ದೇಶನವನ್ನು ಅಂಗೀಕರಿಸಿತು. ಮರುವರ್ಷವೇ ಅದರ ಜಾರಿಯ ದಿನವನ್ನು ಮುಂದೂಡಿತು. ಉದ್ಯಮಕ್ಕೆ ಹೊರೆಯಾಗುತ್ತದೆಂಬ ಅಳಲು ಅಲ್ಲಿ ಜೋರಾಗಿತ್ತು. ಈ ಅಳಲನ್ನು ಪೂರ್ತಿ ಹುಸಿಯೆನ್ನಲಾಗದು. ಹತ್ತು ಕೈ ದಾಟಿ ಬಂದ ದಾರದ ಮೂಲವನ್ನು ಹುಡುಕುವುದು ಸುಲಭವಲ್ಲ. ಕಾಗದದ ಕೆಲಸವಷ್ಟೇ ಬೆಳೆದು, ಲೆಬಾಕಿನ ವರದಿಗಳೇ ಹೊಸ ಹೆಸರಿನಲ್ಲಿ ಹುಟ್ಟುವ ಅಪಾಯವೂ ಇದೆ. ಆದರೆ ಲಾಭ ಹರಿದುಬರುವ ದಾರಿ ಇಷ್ಟು ನಿಖರವಾಗಿ ಗೊತ್ತಿರುವಾಗ, ನಷ್ಟ ಹರಿದುಹೋಗುವ ದಾರಿ ಮಾತ್ರ ಗೊತ್ತೇ ಆಗದು ಎಂಬ ವಾದವನ್ನು ಎಷ್ಟರಮಟ್ಟಿಗೆ ನಂಬಬಹುದು?

ನಮ್ಮ ದೇಶದ ಸ್ಥಿತಿಯೇನು? ೨೦೧೩ರ ಕಂಪೆನಿ ಶಾಸನದ ೧೩೫ನೆಯ ವಿಧಿ ದೊಡ್ಡ ಕಂಪೆನಿಗಳು ಸರಾಸರಿ ಲಾಭದ ನೂರಕ್ಕೆ ಎರಡು ಪಾಲನ್ನು ಸಮಾಜಕಾರ್ಯಕ್ಕೆ ವೆಚ್ಚ ಮಾಡಬೇಕೆನ್ನುತ್ತದೆ. ಇದು ವಿಧಿಸಿದ ದಾನ. ಅದರ ನಿಯಮಗಳ ಪ್ರಕಾರ, ಕ್ರೀಡಾಪಟುಗಳ ತರಬೇತಿಯನ್ನು ಬಿಟ್ಟರೆ, ವಿದೇಶದಲ್ಲಿ ಮಾಡಿದ ಕೆಲಸ ಈ ಲೆಕ್ಕಕ್ಕೆ ಸೇರದು. ಹೊಣೆಗಾರಿಕೆ ಗಡಿಯಲ್ಲಿ ನಿಂತುಬಿಡುತ್ತದೆ, ಬಂಡವಾಳ ನಿಲ್ಲುವುದಿಲ್ಲ. ಬೆಂಗಳೂರಿನಲ್ಲಿ ಗುಲಾಬಿ ವ್ಯಾಪಾರದಿಂದ ಬೆಳೆದ ಕರುತೂರಿ ಗ್ಲೋಬಲ್ ಕಂಪೆನಿ ಇಥಿಯೋಪಿಯದ ಗಂಬೇಲಾ ಪ್ರಾಂತದಲ್ಲಿ ಒಂದು ಲಕ್ಷ ಹೆಕ್ಟೇರ್ ನೆಲವನ್ನು ಗೇಣಿಗೆ ಪಡೆದಿತ್ತು. ೨೦೧೫ರಲ್ಲಿ ಅಲ್ಲಿನ ಸರ್ಕಾರ ಆ ಗೇಣಿಯನ್ನು ರದ್ದುಮಾಡಿತು. ಅಲ್ಲಿ ಯಾರದು ಸರಿ, ಯಾರದು ತಪ್ಪು ಎಂಬುದು ಈ ಅಂಕಣದ ವಿಷಯವಲ್ಲ. ಗಂಬೇಲಾದ ರೈತನೊಬ್ಬನಿಗೆ ಆ ತೋಟದಿಂದ ಹಾನಿಯಾಗಿದ್ದರೆ ಅವನು ಬೆಂಗಳೂರಿಗೆ ಬಂದು ಯಾವ ಬಾಗಿಲು ತಟ್ಟಬೇಕಾಗಿತ್ತು ಎಂಬುದು ಪ್ರಶ್ನೆ. ಮೂಲ ಕಂಪೆನಿಯ ಮೇಲೆ ಅಂಥ ಹೊಣೆಯನ್ನು ನೇರವಾಗಿ ಹೊರಿಸುವ ವಿಶೇಷ ಶಾಸನ ನಮ್ಮಲ್ಲಿಲ್ಲ. ಭೋಪಾಲದಲ್ಲಿ ನಾವು ಲೆಬಾಕಿನ ಜನರಾಗಿದ್ದೆವು. ಚಿಂಗೋಲಾ, ಗಂಬೇಲಾಗಳ ಕಾಲಕ್ಕೆ ನಮ್ಮವರೂ ಹರಾಜು ಕಟ್ಟೆಯ ಕಡೆ ಬಂದು ಕುಳಿತಿದ್ದಾರೆ. ಷೇರು ಕೊಳ್ಳುವ, ನಿವೃತ್ತಿಯ ಹಣವನ್ನು ನಿಧಿಗಳಲ್ಲಿ ತೊಡಗಿಸುವ ನಾವೂ ಆ ಕಟ್ಟೆಯಿಂದ ಬಹಳ ದೂರದಲ್ಲಿಲ್ಲ.

ಅದುದರಿಂದಲೇ ‘ಮಾಕ್ಸ್ ಹಾವೆಲಾರ್’ ಕಾದಂಬರಿಯನ್ನು ಹಾವೆಲಾರನ ಕಥೆಯಾಗಿ ಓದುವುದಕ್ಕಿಂತ ದ್ರೋಗ್‌ಸ್ಟೊಪ್ಪೆಲನ ಕಥೆಯಾಗಿ ಓದುವುದು ಇಂದಿನ ನಮಗೆ ಹೆಚ್ಚು ಪ್ರಯೋಜನಕರ. ಧೀರನನ್ನು ಮೆಚ್ಚುವುದು ಸುಲಭ. ದಲ್ಲಾಳಿಯಲ್ಲಿ ನ್ಯಾಯವಾಗಿಯೇ ಬದುಕುತ್ತಿರುವ ಒಬ್ಬ ಮರ್ಯಾದಸ್ಥ ಗೃಹಸ್ಥನನ್ನು ಗುರುತಿಸುವುದು ಕಷ್ಟ. ಡೆಕ್ಕರ್ ಅವನನ್ನು ಕೊನೆಗೆ ಉಸಿರುಗಟ್ಟಿಸಿ ಕೊಂದದ್ದು ಕಲೆಯ ದೃಷ್ಟಿಯಿಂದ ಆತುರದ ಕೆಲಸ. ಅವನನ್ನು ಬದುಕಿಸಿ, ಕಟಕಟೆಗೆ ಕರೆಸಿ, ಅವನ ಲೆಕ್ಕದ ಪುಸ್ತಕದ ಪಕ್ಕದಲ್ಲಿ ಸೈಜಾನ ಕೋಣಗಳ ಲೆಕ್ಕವನ್ನೂ ಇಡಿಸಿ, ಉತ್ತರ ಹೇಳಿಸಬೇಕಾಗಿತ್ತು. ಆ ಅಧ್ಯಾಯವನ್ನು ಲಂಡನ್ನಿನಲ್ಲಿ, ಹೇಗಿನಲ್ಲಿ ನ್ಯಾಯಾಧೀಶರು ಅರ್ಧಂಬರ್ಧವಾಗಿ ಬರೆದಿದ್ದಾರೆ. ನಮ್ಮ ಶಾಸನಸಭೆಗಳೂ ನ್ಯಾಯಾಲಯಗಳೂ ಇನ್ನೂ ಲೇಖನಿಯನ್ನು ಕೈಗೆತ್ತಿಕೊಳ್ಳಬೇಕಾಗಿದೆ.